ಅದು ಕೃಷಿ ಇಲಾಖೆಯ ಪ್ರಶ್ನೆ ಎಂದಿರಿ: ರಕ್ಷಣಾ ವಿಶ್ಲೇಷಕರೊಬ್ಬರಿಗೆ ಕಲಬುರಗಿಯಿಂದ ಬಹಿರಂಗ ಪತ್ರ

ಮಾನ್ಯರೇ,

ಕಲಬುರಗಿಯಲ್ಲಿ ನೀವು ಉಪನ್ಯಾಸ ನೀಡಿದ ದಿನ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವನು ನಾನು. ಪ್ರಶ್ನೋತ್ತರದ ಹೊತ್ತಿಗೆ ಎದ್ದು ನಿಂತು ಆಫ್ರಿಕಾದ ಮೊಜಾಂಬಿಕ್‌ನಿಂದ ನಮ್ಮಲ್ಲಿಗೆ ಬರುವ ತೊಗರಿಯ ಬಗ್ಗೆ ಕೇಳಿದ್ದೆ. ನಿಮಗೆ ನೆನಪಿರಲಿಕ್ಕಿಲ್ಲ. ನಿಮ್ಮ ಉತ್ತರ ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅದು ಒಂದೇ ವಾಕ್ಯದ್ದು: "ಅದು ಕೃಷಿ ಇಲಾಖೆಯ ಪ್ರಶ್ನೆ." ಸಭೆ ನಕ್ಕಿತು, ನಾನೂ ನಕ್ಕು ಕುಳಿತೆ. ಮೈಕ್ ಮುಂದಿನ ಸಾಲಿನವರ ಕೈಗೆ ಹೋಯಿತು. ಅವರು ಮೂರನೇ ಮಹಾಯುದ್ಧ ಯಾವಾಗ ಎಂದು ಕೇಳಿದರು. ಅವರಿಗೆ ನೀವು ಹತ್ತು ನಿಮಿಷ ಉತ್ತರಿಸಿದಿರಿ.

ನಾನು ವಿದ್ವಾಂಸನಲ್ಲ. ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಆದರೆ ವಿದೇಶಾಂಗ ಸುದ್ದಿಯನ್ನು ನಾನು ಓದುವಷ್ಟು ಗಮನವಿಟ್ಟು ನಿಮ್ಮ ವಿದ್ಯಾರ್ಥಿಗಳೂ ಓದುವುದಿಲ್ಲವೇನೋ. ಅವರಿಗೆ ಅದು ಪರೀಕ್ಷೆ. ನಮ್ಮ ಮಾಲೀಕರಿಗೆ ಅದು ನಾಳೆ ಬೆಳಿಗ್ಗೆ ತೊಗರಿ ಕೊಳ್ಳಬೇಕೋ ಬೇಡವೋ ಎಂಬ ನಿರ್ಧಾರ.

ಉಪನ್ಯಾಸದ ಬಗ್ಗೆ ಮೊದಲು ಒಳ್ಳೆಯ ಮಾತು ಹೇಳಬೇಕು, ಅದು ನಿಮಗೆ ಸಲ್ಲಬೇಕಾದದ್ದು. 2017ರಲ್ಲಿ ಶ್ರೀಲಂಕಾ ಹಂಬನ್‌ತೋಟ ಬಂದರನ್ನು 99 ವರ್ಷಗಳ ಗುತ್ತಿಗೆಗೆ ಚೀನಾದ ಕಂಪನಿಗೆ ಕೊಟ್ಟ ಕತೆಯನ್ನು ಟಿವಿಯವರು ಹೇಳುವ ಹಾಗೆ ನೀವು ಹೇಳಲಿಲ್ಲ. ಆ ದೇಶದ ಸಾಲದ ದೊಡ್ಡ ಭಾಗ ಅಂತರರಾಷ್ಟ್ರೀಯ ಬಾಂಡ್ ಮಾರುಕಟ್ಟೆಯದಾಗಿತ್ತು, ಚೀನಾದ್ದು ಅದರ ಒಂದು ಪಾಲು ಮಾತ್ರ ಎಂದು ತಾಳ್ಮೆಯಿಂದ ಬಿಡಿಸಿ ಹೇಳಿದಿರಿ. ಲೆಕ್ಕ ಬರೆಯುವವನಿಗೆ ಅಂಥ ಮಾತು ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ. ನಿಮ್ಮ ನಕ್ಷೆಯಲ್ಲಿ ಚೀನಾ ಕಾಲೂರಿದ ಬಂದರುಗಳಾದ ಗ್ವಾದರ್, ಹಂಬನ್‌ತೋಟ, ಮ್ಯಾನ್ಮಾರಿನ ಚೌಕ್‌ಪ್ಯೂ, ಜಿಬೂಟಿ ಎಲ್ಲವೂ ಕೆಂಪು ಚುಕ್ಕೆಗಳಾಗಿ ಹೊಳೆಯುತ್ತಿದ್ದವು. ನಾನು ಹುಡುಕುತ್ತಿದ್ದದ್ದು ಮೊಜಾಂಬಿಕ್‌ನ ನಕಾಲಾ ಎಂಬ ಬಂದರನ್ನು. ಅದು ಪರದೆಯ ಕೆಳ ಅಂಚಿಗಿಂತ ಆಚೆ ಉಳಿದುಬಿಟ್ಟಿತ್ತು. ಪ್ರಶ್ನೆ ಕೇಳಲು ಎದ್ದು ನಿಂತದ್ದು ಅದಕ್ಕೇ.

ಆ ಸಂಜೆ ಮೈಕ್ ಮುಂದೆ ಹೋಯಿತಾದ್ದರಿಂದ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಗರಿ ಎಂದರೆ ನಮ್ಮಲ್ಲಿ ಒಂದೇ ಸರಕಲ್ಲ. ಜಿಆರ್‌ಜಿ 811, ಟಿಎಸ್ 3ಆರ್ ಎಂಬ ನಮ್ಮ ತಳಿಗಳನ್ನು ನೆಹರೂ ಗಂಜ್ ಮಾರುಕಟ್ಟೆಯ ಹಮಾಲನೂ ಕಣ್ಣಳತೆಯಲ್ಲಿ ಗುರುತಿಸುತ್ತಾನೆ. ಸುಣ್ಣದ ಅಂಶವಿರುವ ಈ ಕಪ್ಪು ನೆಲದ ಕಾಳಿಗೆ 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿತು. ಇನ್ನು ಹಡಗಿನಲ್ಲಿ ಬರುವ ಮಾಲು. ಮ್ಯಾನ್ಮಾರಿನಿಂದ ಚೆನ್ನೈ ಬಂದರಿಗೆ ಇಳಿಯುವುದು ಲೆಮನ್. ತಾಂಜಾನಿಯಾದ್ದು ಅರುಷಾ. ಮೊಜಾಂಬಿಕ್‌ನದು ಗಜರಿ. ದಲ್ಲಾಳಿಯೊಬ್ಬ ಫೋನಿನಲ್ಲಿ ದರ ಹೇಳುತ್ತಾ "ಲೆಮನ್ ಗಟ್ಟಿ, ಗಜರಿ ಸಡಿಲ" ಎಂದರೆ ಅದರಲ್ಲಿ ಎರಡು ಖಂಡಗಳ ರಾಜಕೀಯ ಅಡಗಿರುತ್ತದೆ. ಕೇಳುವ ಕಿವಿ ಬೇಕು, ಅಷ್ಟೇ.

2015ರ ದಸರಾ ಹೊತ್ತಿಗೆ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತಲ್ಲ, ಕತೆ ಅಲ್ಲಿಂದ ಶುರುವಾಗುತ್ತದೆ. ದೇಶವೆಲ್ಲ ಬೊಬ್ಬೆ. 2016ರ ಜುಲೈನಲ್ಲಿ ಪ್ರಧಾನಿ ಮೊಜಾಂಬಿಕ್ ರಾಜಧಾನಿ ಮಪುಟೊಗೆ ಹೋದಾಗ ಆ ದೇಶದ ಜೊತೆ ಬೇಳೆಕಾಳು ಆಮದಿನ ಒಪ್ಪಂದವಾಯಿತು: ಮೊದಲ ವರ್ಷ 1 ಲಕ್ಷ ಟನ್, ಏರುತ್ತಾ ಏರುತ್ತಾ 2020–21ಕ್ಕೆ 2 ಲಕ್ಷ ಟನ್. ಹಿಂದೂ ಮಹಾಸಾಗರದ ನೆರೆಯ ದೇಶವೊಂದರ ಸ್ನೇಹ, ಚೀನಾ ಕಾಲೂರುತ್ತಿರುವ ಕರಾವಳಿಯಲ್ಲಿ ನಮ್ಮದೊಂದು ಹೆಜ್ಜೆ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಚೊಕ್ಕವಾದ ರಾಜತಂತ್ರ. ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ 200 ರೂಪಾಯಿಯ ಬೇಳೆ ಕಂಡ ನಮ್ಮ ರೈತ ಸುಮ್ಮನೆ ಕೂರುತ್ತಾನೆಯೇ? ಆ ಮುಂಗಾರಿಗೆ ಹೆಸರು, ಉದ್ದು, ಸೋಯಾ ಬಿಟ್ಟು ಬದುವಿನಿಂದ ಬದುವಿಗೆ ತೊಗರಿ ಬಿತ್ತಿದ. ಮಳೆಯೂ ಕೈಕೊಡಲಿಲ್ಲ. ಹಿಂದಿನ ವರ್ಷ ದೇಶದಲ್ಲಿ ಸುಮಾರು 25 ಲಕ್ಷ ಟನ್ ಇದ್ದ ಬೆಳೆ ಆ ವರ್ಷ 48 ಲಕ್ಷ ಟನ್ ಆಯಿತು.

2017ರ ಜನವರಿಯ ಆ ಗಂಜನ್ನು ನೀವು ನೋಡಬೇಕಿತ್ತು. ಅಡತ್ ಅಂಗಡಿಗಳ ಮುಂದೆ ಚೀಲ ಇಡಲು ಜಾಗವಿಲ್ಲದೆ ರಸ್ತೆಯ ಮೇಲೆಯೇ ಕಾಳು ಸುರಿದಿದ್ದರು. ಖರೀದಿದಾರರು ಎಂದಿನಂತೆ ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಹರಡಿ, ಒಂದು ಕಾಳನ್ನು ಹಲ್ಲಿನ ನಡುವೆ ಕಚ್ಚಿ ತೇವ ನೋಡುತ್ತಿದ್ದರು. ಕಟಕ್ ಎಂದರೆ ಒಣಗಿದೆ, ಮೆತ್ತಗೆ ಒತ್ತಿದರೆ ಹಸಿ. ಆ ವರ್ಷ ಕಟಕ್ ಎಂದರೂ ಉಗುಳಿ ಮುಂದೆ ಹೋಗುತ್ತಿದ್ದರು. ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಹರಾಜು ನಿಂತಿತು. ಖರೀದಿ ಕೇಂದ್ರದ ಎದುರು ಟ್ರ್ಯಾಕ್ಟರ್ ಸಾಲಿನಲ್ಲಿ ಎರಡು ರಾತ್ರಿ ಕಳೆದು, ಕೊನೆಗೆ ಬೇಸತ್ತು ನಮ್ಮ ಮಿಲ್ಲಿನ ಬಾಗಿಲಿಗೆ ಬಂದ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಈ ಮೊಜಾಂಬಿಕ್ ಎಲ್ಲಿದೆ?" ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಆಫ್ರಿಕಾ ಬಿಡಿಸಿ ತೋರಿಸಿದೆ. ಅವರು ಬೆರಳಿಟ್ಟು ಸಮುದ್ರ ದಾಟಿ ನಮ್ಮ ಕಡೆಗೆ ಬಂದರು. "ಇಷ್ಟೇ ದೂರವೇ?" ಎಂದರು. ಆ ಹಾಳೆ ಇನ್ನೂ ನನ್ನ ಬಳಿ ಇದೆ.

ಇದು ಒಪ್ಪಂದದಿಂದಲೇ ಆದ ಕುಸಿತ ಎಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಬೆಳೆ ಅತಿಯಾದದ್ದೇ ಮುಖ್ಯ ಕಾರಣ. ನನ್ನ ತಕರಾರು ಬೇರೆ. ಕುಸಿತದ ನಂತರ, 2017ರ ಆಗಸ್ಟ್‌ನಲ್ಲಿ, ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹೇರಿತು. ಸರ್ಕಾರಗಳ ನಡುವೆ ಆದ ಒಪ್ಪಂದದ ಮಾಲಿಗೆ ವಿನಾಯಿತಿ ಇತ್ತು, ಹಾಗಿದ್ದರೂ ಮೊಜಾಂಬಿಕ್‌ನ ಹೊಲಗಳಲ್ಲಿ ಬೆಲೆ ಬಿತ್ತು. ಅಲ್ಲಿಯ ರೈತ ತೊಗರಿಯನ್ನು ಬೆಳೆಯುವುದು ಹೆಚ್ಚಾಗಿ ನಮಗಾಗಿಯೇ, ತಾನು ಉಣ್ಣಲು ಅಲ್ಲ. ಅಂದರೆ ಆ ವರ್ಷ ಆಳಂದದ ರೈತನೂ ಸೋತ, ನಂಪುಲಾದ ರೈತನೂ ಸೋತ. ಸ್ನೇಹಕ್ಕೆಂದು ಮಾಡಿದ ಒಪ್ಪಂದ ಒಂದೇ ವರ್ಷದಲ್ಲಿ ಎರಡೂ ದಂಡೆಗಳಲ್ಲಿ ಶಾಪ ತಿಂದಿತು. ಇದನ್ನು ಕೃಷಿ ಇಲಾಖೆಯ ಪ್ರಶ್ನೆ ಎನ್ನುವುದಾದರೆ ವಿದೇಶಾಂಗ ನೀತಿಯ ಪ್ರಶ್ನೆ ಯಾವುದು, ನೀವೇ ಹೇಳಿ.

ಮ್ಯಾನ್ಮಾರ್ ವಿಷಯ ಇನ್ನೂ ಬಿಗಿಯಾದದ್ದು. ಆ ದೇಶದ ಬಗ್ಗೆ ನೀವು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೇನೆ: 1,643 ಕಿಲೋಮೀಟರ್ ಗಡಿ, ಈಶಾನ್ಯದ ಬಂಡುಕೋರರ ಅಡಗುತಾಣಗಳು, ಚೌಕ್‌ಪ್ಯೂ ಬಂದರಿನ ಚೀನಾ ಕೊಳವೆಮಾರ್ಗ, ನಮ್ಮ ಕಲಾದಾನ್ ಸಾಗಣೆ ಯೋಜನೆ, ಸಿತ್ವೆ ಬಂದರು. ಸೇನಾಡಳಿತದ ಜೊತೆ ಭಾರತ ಮಾತುಕತೆ ಮುಂದುವರಿಸಿದ್ದಕ್ಕೆ ನೀವು ಕೊಟ್ಟ ಕಾರಣ ಎರಡು: ಬಂಡುಕೋರರು ಮತ್ತು ಚೀನಾ. ಮೂರನೆಯದೊಂದು ನಮ್ಮ ಮಿಲ್ಲಿನ ಗೋದಾಮಿನಲ್ಲಿದೆ.

2021ರ ಫೆಬ್ರುವರಿ 1ರ ಬೆಳಿಗ್ಗೆ ಚೆನ್ನೈನ ದಲ್ಲಾಳಿ ಫೋನ್ ಮಾಡಿ, "ಯಾಂಗೂನ್ ಫೋನ್ ಎತ್ತುತ್ತಿಲ್ಲ" ಎಂದ. ಕ್ಷಿಪ್ರಕ್ರಾಂತಿಯ ಸುದ್ದಿ ನನಗೆ ತಲುಪಿದ್ದು ಹಾಗೆ, ಟಿವಿ ಹಾಕುವ ಮೊದಲೇ. ಅಲ್ಲಿ ಬ್ಯಾಂಕ್ ಮುಚ್ಚಿದ್ದವು, ಇಂಟರ್ನೆಟ್ ಕಡಿದಿತ್ತು. ಮೇ ತಿಂಗಳಲ್ಲಿ ಭಾರತ ತೊಗರಿ ಆಮದನ್ನು ಮುಕ್ತಗೊಳಿಸಿತು. ಜೂನ್‌ನಲ್ಲಿ ಮ್ಯಾನ್ಮಾರ್ ಜೊತೆ ಐದು ವರ್ಷದ ತಿಳಿವಳಿಕೆ ಪತ್ರ: ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ. ಆಫ್ರಿಕಾದ ಮಲಾವಿಯಿಂದ ಇನ್ನೊಂದು 50,000 ಟನ್ ತೊಗರಿ. ಫೆಬ್ರುವರಿಗೂ ಜೂನ್‌ಗೂ ನಡುವೆ ಇದ್ದದ್ದು ನಾಲ್ಕೇ ತಿಂಗಳು. ಜಗತ್ತಿನ ಸಂಪಾದಕೀಯಗಳು ಭಾರತದ ಮೌನವನ್ನು ಪ್ರಶ್ನಿಸುತ್ತಿದ್ದ ನಾಲ್ಕು ತಿಂಗಳು.

ಮ್ಯಾನ್ಮಾರಿನಲ್ಲಿ ತೊಗರಿ ಬೆಳೆಯುವುದು ಎಲ್ಲಿ ಗೊತ್ತೇ? ಮಧ್ಯದ ಒಣ ಪ್ರದೇಶದಲ್ಲಿ: ಸಗಾಯಿಂಗ್, ಮಗ್ವೆ, ಮಾಂಡಲೆ. ಸೇನೆಗೂ ಅದರ ವಿರುದ್ಧ ಆಯುಧ ಎತ್ತಿದವರಿಗೂ ನಡುವೆ ಊರುಗಳು ಸುಟ್ಟದ್ದು ಇಲ್ಲಿಯೇ. ಹೊಲದಿಂದ ಯಾಂಗೂನಿಗೆ ಬರುವ ದಾರಿಯಲ್ಲಿ ಒಂದು ತಪಾಸಣೆ ಸೇನೆಯದು, ಮುಂದಿನದು ವಿರೋಧಿ ಪಡೆಯದು. ಜೊತೆಗೆ ರಫ್ತುದಾರ ಗಳಿಸಿದ ಡಾಲರಿನಲ್ಲಿ ಒಂದು ಪಾಲನ್ನು ಸರ್ಕಾರಿ ದರದಲ್ಲಿ, ಅಂದರೆ ಡಾಲರಿಗೆ 2,100 ಕ್ಯಾಟ್‌ನಂತೆ (ಕ್ಯಾಟ್ ಅಲ್ಲಿಯ ಹಣ), ಬದಲಿಸಲೇಬೇಕೆಂಬ ನಿಯಮ. ಹೊರಗೆ ಡಾಲರಿಗೆ ಅದಕ್ಕಿಂತ ಬಹಳ ಹೆಚ್ಚು ಸಿಗುತ್ತಿತ್ತು. ನಡುವಿನ ಅಂತರ ಯಾರ ಬೊಕ್ಕಸಕ್ಕೆ ಹೋಯಿತು ಎಂದು ಹೇಳಲು ವಿಶ್ಲೇಷಕರು ಬೇಕಿಲ್ಲ, ಗುಮಾಸ್ತ ಸಾಕು. 2024ರ ಆರಂಭದಿಂದ ರೂಪಾಯಿ–ಕ್ಯಾಟ್ ನೇರ ವ್ಯವಹಾರದ ವ್ಯವಸ್ಥೆಯೂ ಬಂದಿತು. ಅದು ಡಾಲರ್ ನಿರ್ಬಂಧಗಳಿಂದ ಎಷ್ಟು ತಪ್ಪಿಸಿಕೊಂಡು ಹೋಗುತ್ತದೆ, ಯಾರಿಗೆ ಅನುಕೂಲ ಮಾಡಿಕೊಡುತ್ತದೆ ಎಂಬುದು ರಕ್ಷಣಾ ಸಂಶೋಧನೆಗೆ ತಕ್ಕ ವಿಷಯವಲ್ಲವೇ? ನಮ್ಮ ಮ್ಯಾನ್ಮಾರ್ ನೀತಿಯಲ್ಲಿ ಬೇಳೆಯ ಪಾಲೆಷ್ಟು ಎಂದು ನೀವು ತೂಗಿ ಹೇಳಬೇಕು. ಸೊನ್ನೆ ಎಂದು ತೂಗಿ ಹೇಳಿದರೂ ಒಪ್ಪುತ್ತೇನೆ. ತೂಗದೆ ಹೇಳಿದರೆ ಒಪ್ಪುವುದಿಲ್ಲ.

ಈಗ ನಕಾಲಾಕ್ಕೆ ಬರುತ್ತೇನೆ. ಮೊಜಾಂಬಿಕ್‌ನ ಉತ್ತರ ತುದಿಯ ಕಾಬೊ ಡೆಲ್ಗಾಡೊದಲ್ಲಿ 2017ರ ಅಕ್ಟೋಬರ್‌ನಿಂದ ಜಿಹಾದಿ ದಂಗೆ ನಡೆಯುತ್ತಿದೆ. ಅಲ್ಲಿಯ ಸಮುದ್ರದ ಅನಿಲ ನಿಕ್ಷೇಪವೊಂದರಲ್ಲಿ ಭಾರತದ ಸರ್ಕಾರಿ ತೈಲ ಕಂಪನಿಗಳದ್ದೇ ಶೇ 30 ಪಾಲು. 2019ರಲ್ಲಿ ನಮ್ಮ ರಕ್ಷಣಾ ಸಚಿವರು ಹೋಗಿ ವೇಗದ ದೋಣಿಗಳನ್ನು ಕೊಟ್ಟು ಬಂದರು. ಕಾಬೊ ಡೆಲ್ಗಾಡೊದ ದಕ್ಷಿಣಕ್ಕೆ, ಪಕ್ಕದ ಪ್ರಾಂತ್ಯದಲ್ಲಿ ನಕಾಲಾ ಬಂದರು. 2023ರ ಕೊನೆಯಲ್ಲಿ ರಫ್ತುದಾರರ ನಡುವಿನ ವ್ಯಾಜ್ಯದಿಂದಾಗಿ ಭಾರತಕ್ಕೆ ಬರಬೇಕಾದ ತೊಗರಿ ಅಲ್ಲಿ ಹಡಗೇರದೆ ವಾರಗಟ್ಟಲೆ ನಿಂತಿತು. ಹಿಂದಿನ ವರ್ಷ ನೆಟೆ ರೋಗಕ್ಕೆ ಸಿಕ್ಕು ನಮ್ಮ ಜಿಲ್ಲೆಯ ಹೊಲಗಳು ನಿಂತಲ್ಲೇ ಒಣಗಿದ್ದವು. ಆಗ ಇಲ್ಲಿ ಕ್ವಿಂಟಲ್ ದರ ಐದಂಕಿ ದಾಟಿತ್ತು, ಆದರೆ ಮಾರಲು ರೈತನ ಮನೆಯಲ್ಲಿ ಕಾಳಿರಲಿಲ್ಲ. ಮುಂದಿನದೂ ಹೇಳಿಬಿಡುತ್ತೇನೆ: 2024–25ರಲ್ಲಿ ಸುಮಾರು 12 ಲಕ್ಷ ಟನ್ ಆಮದು ಬಂತು, ಇಲ್ಲಿ ಬೆಳೆಯೂ ಬಂತು, ಬೆಲೆ ಬೆಂಬಲ ಬೆಲೆಯಾದ 7,550ರ ಕೆಳಗೆ ಜಾರಿತು, ರಾಜ್ಯ ಸರ್ಕಾರ ಕ್ವಿಂಟಲ್‌ಗೆ 450 ರೂಪಾಯಿ ಸೇರಿಸಬೇಕಾಯಿತು. ಬಂದರು ಮುಚ್ಚಿದರೆ ಗ್ರಾಹಕನಿಗೆ ಬಿಸಿ, ಬಂದರು ತೆರೆದರೆ ರೈತನಿಗೆ ಬಿಸಿ. ನಡುವೆ ದಾಲ್ ಮಿಲ್ಲುಗಳು ಒಂದೊಂದಾಗಿ ಶಟರ್ ಎಳೆಯುತ್ತಿವೆ. ನಮ್ಮ ಎಡಬಲದವೆರಡೂ ಈಗ ಬರಿಯ ಗೋದಾಮುಗಳು.

ತೊಗರಿಯೊಂದರಿಂದಲೇ ನಿಮ್ಮ ತಲೆ ತಿನ್ನುತ್ತಿಲ್ಲ. ಈ ಭಾಗದ ಎಷ್ಟೋ ಮನೆಗಳ ಬಾಡಿಗೆ, ಮದುವೆ, ಆಸ್ಪತ್ರೆಯ ಬಿಲ್ಲು ಕಟ್ಟುವುದು ಸೌದಿ, ದುಬೈ, ಕತಾರ್‌ನಿಂದ ಬರುವ ಹಣ. ನೀವು ಹಾರ್ಮುಜ್ ಜಲಸಂಧಿಯನ್ನು ಕಚ್ಚಾತೈಲದ ದಾರಿ ಎಂದಿರಿ, ಸರಿ. ಇಲ್ಲಿ ಕೆಲವರಿಗೆ ಅದು ಮಗ ಇರುವ ಊರಿನ ಬಾಗಿಲು.

2024ರ ಫೆಬ್ರುವರಿಯಲ್ಲಿ ಬಂದ ಸುದ್ದಿ ನೆನಪಿರಬೇಕು. ನಮ್ಮ ಕಲಬುರಗಿಯ ಮೂವರು ಯುವಕರು, ಗಡಿಯಾಚೆಯ ತೆಲಂಗಾಣದ ಒಬ್ಬ. ಭದ್ರತಾ ಸಿಬ್ಬಂದಿಯ, ಸಹಾಯಕರ ಕೆಲಸ ಎಂದು ನಂಬಿಸಿ ರಷ್ಯಾಕ್ಕೆ ಕರೆದೊಯ್ದು, ಕೈಗೆ ಬಂದೂಕು ಕೊಟ್ಟು ಉಕ್ರೇನ್ ಯುದ್ಧಭೂಮಿಗೆ ನೂಕಿದ್ದರು. ಅದೇ ರೀತಿ ಹೋಗಿದ್ದ ಗುಜರಾತಿನ ಯುವಕನೊಬ್ಬ ದಾಳಿಯಲ್ಲಿ ಸತ್ತ. ಜುಲೈನಲ್ಲಿ ಪ್ರಧಾನಿ ಮಾಸ್ಕೋದಲ್ಲಿ ವಿಷಯ ಎತ್ತಿದರು, ಸೆಪ್ಟೆಂಬರ್‌ನಲ್ಲಿ ನಮ್ಮವರು ಜೀವಂತವಾಗಿ ಮರಳಿದರು. ಆ ಏಳು ತಿಂಗಳು ಇಲ್ಲಿ ಚಹಾ ಅಂಗಡಿಯಲ್ಲಿ ಡೊನೆಟ್ಸ್ಕ್ ಎಂಬ ಹೆಸರನ್ನು ಜನ ಅಫಜಲಪುರ ಎಂಬಷ್ಟು ಸಲೀಸಾಗಿ ಹೇಳುತ್ತಿದ್ದರು. ರಷ್ಯಾ–ಉಕ್ರೇನ್ ಯುದ್ಧದ ಬಗ್ಗೆ ಅಂದು ನೀವು ನಲವತ್ತು ನಿಮಿಷ ಮಾತನಾಡಿದಿರಿ. ಡ್ರೋನ್‌ಗಳಿದ್ದವು, ರಷ್ಯಾದ ಎಸ್-400 ಕ್ಷಿಪಣಿ ವ್ಯವಸ್ಥೆ ಇತ್ತು, ಕಚ್ಚಾತೈಲದ ರಿಯಾಯಿತಿ ಇತ್ತು. ಆ ಯುದ್ಧದ ಕಂದಕದಲ್ಲಿ ನಿಂತು ಬಂದವರ ಊರಿನಲ್ಲೇ ನಿಂತು ಮಾತನಾಡುತ್ತಿದ್ದೇನೆ ಎಂಬುದು ನಿಮಗೆ ತಿಳಿದಿದ್ದಂತೆ ಕಾಣಲಿಲ್ಲ. ಅದಕ್ಕೆ ನಿಮ್ಮನ್ನು ದೂರಿ ಫಲವಿಲ್ಲ. ಸಂಘಟಕರೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ದಲ್ಲಾಳಿ ಹೇಗೆ ಗಾಳ ಹಾಕುತ್ತಾನೆ, ಪ್ರವಾಸಿ ವೀಸಾದಲ್ಲಿ ಜನರನ್ನು ಹೇಗೆ ಸಾಗಿಸುತ್ತಾರೆ, ಹಳ್ಳಿಯಲ್ಲಿ ಯಾವ ಸಾಲಕ್ಕೆ ಹೆದರಿ ಹುಡುಗರು ಹೋಗುತ್ತಾರೆ ಎಂಬುದನ್ನೆಲ್ಲ ಇಲ್ಲಿ ಕುಳಿತೇ ಬರೆಯಬಹುದು. ಮಾಸ್ಕೋಗೆ ಹೋಗಬೇಕಿಲ್ಲ.

ಉಪನ್ಯಾಸದ ಮರುದಿನ ನೀವು ಬೀದರಿಗೆ ಹೋದಿರೆಂದು ಕೇಳಿದೆ. ವಾಯುಪಡೆಯ ಸೂರ್ಯಕಿರಣ್ ವೈಮಾನಿಕ ಪ್ರದರ್ಶನ ತಂಡದ ನೆಲೆ ಅಲ್ಲಿದೆ, ಹಾಕ್ ತರಬೇತಿ ವಿಮಾನಗಳಿವೆ. ರಕ್ಷಣೆಯವರು ಬೀದರ್ ಎಂದರೆ ಮೇಲೆ ನೋಡುತ್ತಾರೆ, ಸಹಜ. ಊರೊಳಗಿನ ಮದರಸಾಕ್ಕೆ ಹೋದಿರೋ ಇಲ್ಲವೋ ತಿಳಿಯದು. ಒಂದೇ ಮಿನಾರು ಉಳಿದಿದೆ, ಅದರ ಮೈಮೇಲೆ ಅಲ್ಲಲ್ಲಿ ನೀಲಿ ಹೆಂಚಿನ ಚೂರುಗಳು. 1472ರಲ್ಲಿ ಅದನ್ನು ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದವನು. ಅವನ ಪತ್ರಗಳು ಆಟೊಮನ್ ಸುಲ್ತಾನನವರೆಗೆ ಹೋಗುತ್ತಿದ್ದವು, ಅವುಗಳ ಸಂಗ್ರಹ ಇಂದಿಗೂ ಉಳಿದಿದೆ. ಅವನ ಕಾಲದಲ್ಲೇ ಅಫನಾಸಿ ನಿಕಿತಿನ್ ಎಂಬ ರಷ್ಯನ್ ವ್ಯಾಪಾರಿ ಒಂದು ಕುದುರೆ ಹಿಡಿದು ಬಂದು ಬೀದರಿನಲ್ಲಿ ಮಾರಿದ. ಆಗ ಕುದುರೆಯೇ ಎಸ್-400. ಸಮುದ್ರದಾಚೆಯಿಂದಲೇ ಬರಬೇಕು, ಬಂದರು ಯಾರ ಕೈಯಲ್ಲಿದೆಯೋ ಅವರ ದಂಡು ಓಡುತ್ತದೆ. ಗವಾನ್ ಗೋವಾ ಗೆದ್ದದ್ದು ಸುಮ್ಮನೆ ಅಲ್ಲ.

ಅವನು ಸತ್ತದ್ದು ಹೇಗೆ ಎಂಬುದನ್ನು ನಿಮ್ಮ ವೃತ್ತಿಯವರು ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕು. ವೈರಿಗಳು ಅವನ ಮುದ್ರೆ ಕಾಯುವವನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ದಂಡೆತ್ತಿ ಬಾ ಎಂದು ಒಡಿಶಾದ ಅರಸನಿಗೆ ಕರೆ ಕೊಡುವ ಸಾಲುಗಳನ್ನು ಆಮೇಲೆ ತುಂಬಿದರು. ಸುಲ್ತಾನ ಮುದ್ರೆ ನೋಡಿದ, ವಿಚಾರಣೆ ಮಾಡಲಿಲ್ಲ. 1481ರ ಏಪ್ರಿಲ್‌ನಲ್ಲಿ ಮುದುಕನ ತಲೆ ಹೋಯಿತು. ಮರುವರ್ಷ ಸುಲ್ತಾನನೂ ಸತ್ತ, ಕ್ರಮೇಣ ರಾಜ್ಯ ಐದು ಹೋಳಾಯಿತು. 2025ರ ಮೇ ತಿಂಗಳಲ್ಲಿ ಕರಾಚಿ ಬಂದರು ನಾಶವಾಯಿತೆಂದು ಕೆಲವು ವಾಹಿನಿಗಳು ರಾತ್ರಿಯಿಡೀ ಕೂಗಿದಾಗ ನಮ್ಮ ಓಣಿಯಲ್ಲಿ ಪಟಾಕಿ ಹೊಡೆದರು. ಬಂದರು ಇದ್ದಲ್ಲೇ ಇತ್ತು. ನಾನು ಆ ಮುದ್ರೆಯನ್ನು ನೆನೆಸಿಕೊಂಡೆ. ಅಂಥ ರಾತ್ರಿಗಳಲ್ಲಿ ಕನ್ನಡದಲ್ಲಿ ಒಬ್ಬರಾದರೂ ಬಲ್ಲವರು "ಇದು ಸುಳ್ಳು, ಕಾರಣ ಹೀಗೆ" ಎಂದು ಬರೆದಿದ್ದರೆ! ನಿಮ್ಮ ವರದಿಗಳೆಲ್ಲ ಇಂಗ್ಲಿಷಿನಲ್ಲಿವೆ. ನಾನು ನಿಘಂಟು ಹಿಡಿದು ಓದಬಲ್ಲೆ. ಪಟಾಕಿ ಹೊಡೆದವರು ಓದುವುದಿಲ್ಲ.

ಆಕರಗಳಿಲ್ಲ, ಕಡತಗಳನ್ನು ಸರ್ಕಾರ ತೆರೆಯುವುದಿಲ್ಲ ಎಂದು ಅಂದು ನೀವು ಬೇಸರಿಸಿದಿರಿ. 1962ರ ಯುದ್ಧದ ಕುರಿತ ಹೆಂಡರ್‌ಸನ್ ಬ್ರೂಕ್ಸ್–ಭಗತ್ ವರದಿಯನ್ನು ಸರ್ಕಾರ ಇನ್ನೂ ಪ್ರಕಟಿಸಿಲ್ಲ ಎಂದಿರಿ. ನಿಜ. ಆದರೆ ನೆಹರೂ ಗಂಜಿನ ಆವಕ, ಹರಾಜಿನ ದರಪಟ್ಟಿ, ದಿನದ ತೂಕ ಯಾವುದೂ ಗುಪ್ತವಲ್ಲ. ನನ್ನ ಹತ್ತಿರವೇ ಇಪ್ಪತ್ತೆಂಟು ವರ್ಷದ ಪುಸ್ತಕಗಳಿವೆ. ಯಾವ ತಿಂಗಳು ಯಾವ ದೇಶದ ಸುದ್ದಿಗೆ ದರ ಹೇಗೆ ಅಲುಗಿತು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಮಾಲೀಕರ ಒಪ್ಪಿಗೆ ಕೇಳಿದ್ದೇನೆ, ನಕಲು ಮಾಡಿಕೊಳ್ಳಬಹುದು ಎಂದಿದ್ದಾರೆ. ಹೊರಗೆ ಒಯ್ಯುವಂತಿಲ್ಲ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇಲ್ಲಿಂದ ಅರ್ಧ ಗಂಟೆಯ ದಾರಿ. ಅಲ್ಲಿಂದ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಜೊತೆಗೆ ಕರೆತಂದರೆ ಅವರಿಗೂ ಅಧ್ಯಯನಕ್ಕೊಂದು ವಿಷಯ ಸಿಗುತ್ತದೆ. ಬರುವುದಾದರೆ ಜನವರಿಯಲ್ಲಿ, ಬೆಳಿಗ್ಗೆ ಬೇಗ ಬನ್ನಿ. ಹರಾಜು ಶುರುವಾದ ಮೇಲೆ ನನ್ನ ಜೊತೆ ಯಾರಿಗೂ ಮಾತನಾಡಲು ಆಗುವುದಿಲ್ಲ.

ಈ ಪತ್ರದ ಒಂದು ಪ್ರತಿಯನ್ನು ಅಂಚೆಯಲ್ಲಿ ನಿಮ್ಮ ಕಚೇರಿಗೂ ಕಳುಹಿಸಿದ್ದೇನೆ, ಜೊತೆಗೆ ಮೂರು ಕಾಗದದ ಪೊಟ್ಟಣ. ಒಂದು, ಎರಡು, ಮೂರು ಎಂದು ಬರೆದಿದ್ದೇನೆ, ದೇಶದ ಹೆಸರು ಬರೆದಿಲ್ಲ. ಅಂಗೈಯಲ್ಲಿ ಹರಡಿ ನೋಡಿ, ಒಂದೊಂದು ಕಾಳು ಕಚ್ಚಿಯೂ ನೋಡಿ. ಎರಡನೆಯ ಪೊಟ್ಟಣವನ್ನು ಮೊದಲು ಬಿಡಿಸಿ. ಸಮುದ್ರ ದಾಟಿ, ಬಂದರಿನಲ್ಲಿ ಬಹಳ ದಿನ ಕೂತು ಬಂದ ಮಾಲು ಅದು, ನಾನು ಕಟ್ಟುವಾಗಲೇ ಒಂದೆರಡು ಹುಳು ಕಂಡಿದ್ದವು.

ಇಂತಿ,
ಕಪನೂರಿನ ಒಬ್ಬ ಗುಮಾಸ್ತ,
ಕಲಬುರಗಿ